ಜಾಲತಾಣವು ಶೋಧದಲ್ಲಿ ಹಿಂದುಳಿಯಲು ಕಾರಣಗಳು ಮತ್ತು ಅವುಗಳನ್ನು ಪರೀಕ್ಷಿಸುವ ಕ್ರಮ

ಬೆಲ್ಲ, ಕಾಫಿ, ಅಡಿಕೆ, ಮೆಣಸಿನಕಾಯಿ ಮೊದಲಾದ ಪದಾರ್ಥಗಳನ್ನು ಬೆಳೆಯತಕ್ಕ ಹಿಡುವಳಿದಾರರೂ ಅವರು ಕೂಡಿ ಸ್ಥಾಪಿಸಿಕೊಂಡಿರುವ ಸಂಘಗಳೂ ದೂರದ ಗಿರಾಕಿಗಳಿಗೆ ನೇರವಾಗಿ ಮಾಲನ್ನು ಮಾರುವ ಉದ್ದೇಶದಿಂದ ಜಾಲತಾಣಗಳನ್ನು ಏರ್ಪಡಿಸಿಕೊಳ್ಳುತ್ತಿರುವುದು ಸಂತೋಷಕರವಾದ ವಿಷಯವಾಗಿದೆ. ಆದರೆ ತಾಣವನ್ನು ಕಟ್ಟಿಸಿ ವರ್ಷವಾದರೂ ಅದರ ಮೂಲಕ ಗಿರಾಕಿಗಳು ಬರಲಿಲ್ಲವೆಂಬ ದೂರು ಕೇಳಿಬರುವುದುಂಟು. ಗೂಗಲ್ ಮೊದಲಾದ ಶೋಧಯಂತ್ರಗಳಲ್ಲಿ ಹುಡುಕಿದವರಿಗೆ ತಾಣವು ಕಾಣದಿರುವುದೇ ಅನೇಕ ವೇಳೆ ಇದಕ್ಕೆ ಕಾರಣ. ಇಂತಹ ಸಮಯದಲ್ಲಿ "ಮೊದಲನೆಯ ಸ್ಥಾನಕ್ಕೆ ತಂದುಕೊಡುತ್ತೇವೆ" ಎಂದು ಹಣ ಕೇಳುವವರಿಗೆ ಕೊರತೆಯಿರುವುದಿಲ್ಲ.

ಪೈರಿನ ಎಲೆ ಹಳದಿಯಾದ ಮಾತ್ರಕ್ಕೆ ಗೊಬ್ಬರವನ್ನು ಸುರಿಯುವುದು ವಿವೇಕವಲ್ಲ. ಬೇರಿನಲ್ಲಿ ನೀರು ನಿಂತಿದ್ದಲ್ಲಿ ಗೊಬ್ಬರವೂ ವ್ಯರ್ಥ, ಪೈರೂ ನಷ್ಟ. ಜಾಲತಾಣದ ವಿಷಯದಲ್ಲಿಯೂ ರೋಗವನ್ನು ನಿರ್ಣಯಿಸಿದ ಮೇಲೆಯೇ ಚಿಕಿತ್ಸೆಗೆ ಕೈಹಾಕತಕ್ಕದ್ದು. ಈ ಪರೀಕ್ಷೆಯ ಬಹುಭಾಗವನ್ನು ಖರ್ಚಿಲ್ಲದೆ ತಾವೇ ಮಾಡಿಕೊಳ್ಳಬಹುದಾದ ಕಾರಣ ಅದರ ಕ್ರಮವನ್ನು ಕೆಳಗೆ ವಿವರಿಸಿದೆ.

ಶೋಧಯಂತ್ರವು ಕೆಲಸ ಮಾಡುವ ಬಗೆ

ಹಿಂದೆ ಶಾನುಭೋಗರು ಹೊಲಗಳನ್ನು ಸುತ್ತಿ ನೋಡಿ, ಕಂಡದ್ದನ್ನು ಪಹಣಿಯಲ್ಲಿ ಬರೆದು, ಕೇಳಿದವರಿಗೆ ಬೇಕಾದ ದಾಖಲೆಯನ್ನು ತೆಗೆದು ತೋರಿಸುತ್ತಿದ್ದರಷ್ಟೆ. ಶೋಧಯಂತ್ರವೂ ಹಾಗೆಯೇ ಮೂರು ಕೆಲಸಗಳನ್ನು ಮಾಡುವುದು. ಕ್ರಾಲರ್ ಎಂಬ ಸಂಚಾರಿ ತಂತ್ರಾಂಶವು ಲಿಂಕುಗಳನ್ನು ಹಿಡಿದು ಪುಟದಿಂದ ಪುಟಕ್ಕೆ ಹೋಗಿ ನೋಡುವುದು ಮೊದಲನೆಯದು. ನೋಡಿದ ಪುಟವನ್ನು ದಾಖಲೆಗೆ ಸೇರಿಸುವುದು ಎರಡನೆಯದು. ಗಿರಾಕಿಯು ಪ್ರಶ್ನೆ ಕೇಳಿದಾಗ ದಾಖಲೆಯಲ್ಲಿರುವ ಪುಟಗಳನ್ನು ಯೋಗ್ಯತೆಗೆ ತಕ್ಕಂತೆ ಸಾಲಾಗಿಡುವುದು ಮೂರನೆಯದು. ಯಾವ ಹಂತದಲ್ಲಿ ಕೆಲಸ ಕೆಟ್ಟಿದೆ ಎಂಬುದನ್ನು ಮೊದಲು ತಿಳಿಯಬೇಕು.

ಮೊದಲನೆಯ ಪರೀಕ್ಷೆ: ತಾಣವು ದಾಖಲೆಯಲ್ಲಿದೆಯೇ?

ಗೂಗಲಿನ ಶೋಧದ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ 'ಸೈಟ್' ಎಂಬ ಪದವನ್ನು ಬರೆದು, ಒಂದರ ಮೇಲೊಂದರಂತೆ ಎರಡು ಚುಕ್ಕೆಗಳನ್ನಿಟ್ಟು, ನಡುವೆ ಎಡೆಬಿಡದೆ ತಾಣದ ವಿಳಾಸವನ್ನು ಬರೆಯಬೇಕು. ತಾಣದ ಪುಟಗಳು ಕಂಡುಬಂದರೆ ಅವು ದಾಖಲೆಯಲ್ಲಿವೆ. ಒಂದೂ ಕಾಣದಿದ್ದರೆ ಸಂಶಯಕ್ಕೆ ಎಡೆಯುಂಟು. ಖಚಿತವಾದ ಉತ್ತರವು ಗೂಗಲ್ ಸಂಸ್ಥೆಯು ಉಚಿತವಾಗಿ ಒದಗಿಸಿರುವ ಸರ್ಚ್ ಕನ್ಸೋಲ್ ಎಂಬ ಸಾಧನದಿಂದ ದೊರೆಯುವುದು. ಪ್ರತಿಯೊಂದು ಪುಟದ ವಿಳಾಸವನ್ನೂ ಅಲ್ಲಿ ಪರೀಕ್ಷಿಸಬಹುದು.

ದಾಖಲೆಯಾಗದಿರುವುದಕ್ಕೆ ಸಾಮಾನ್ಯವಾದ ಕಾರಣಗಳಿವು. ತಾಣದ ಬಾಗಿಲಲ್ಲಿ ರೋಬಾಟ್ಸ್ ಎಂಬ ಹೆಸರಿನ ಸಣ್ಣ ಕಡತವಿದ್ದು, ಸಂಚಾರಿಯು ಎಲ್ಲಿಗೆ ಬರಬಹುದು, ಎಲ್ಲಿಗೆ ಬರಕೂಡದು ಎಂಬುದನ್ನು ಅದು ತಿಳಿಸುವುದು. 1994ರಿಂದ ಬಳಕೆಯಲ್ಲಿರುವ ಈ ಏರ್ಪಾಡಿನಲ್ಲಿ ಒಂದೇ ಒಂದು ಗೆರೆ ತಪ್ಪಿದರೆ ಇಡೀ ತಾಣಕ್ಕೆ ಬೇಲಿ ಹಾಕಿದಂತಾಗುವುದು. ತಾಣವನ್ನು ಕಟ್ಟುವ ಕಾಲದಲ್ಲಿ ಯಾರೂ ನೋಡದಿರಲೆಂದು 'ದಾಖಲಿಸಬೇಡಿ' ಎಂಬರ್ಥದ ನೋಇಂಡೆಕ್ಸ್ ಗುರುತನ್ನು ಇಟ್ಟು, ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುವುದೂ ಉಂಟು. ಈ ದೋಷಗಳಿರುವಾಗ ಮತ್ತಾವ ಉಪಾಯಕ್ಕೆ ಎಷ್ಟು ಖರ್ಚು ಮಾಡಿದರೂ ಫಲವಿಲ್ಲ. ತಿದ್ದುವುದಾದರೋ ಕೆಲವು ನಿಮಿಷಗಳ ಕೆಲಸ.

ಎರಡನೆಯ ಪರೀಕ್ಷೆ: ಅಂಕಿಗಳು ಏನು ಹೇಳುತ್ತವೆ?

ತಾಣದ ಒಡೆಯನು ತನ್ನ ಮೊಬೈಲಿನಲ್ಲಿಯೇ ಹುಡುಕಿ ನೋಡಿ ತೀರ್ಮಾನಕ್ಕೆ ಬರಕೂಡದು. ಹುಡುಕುವವನ ಸ್ಥಳ ಮೊದಲಾದವುಗಳಿಗೆ ಅನುಸಾರವಾಗಿ ಫಲಿತಾಂಶಗಳು ವ್ಯತ್ಯಾಸವಾಗುವುವು. ಸರ್ಚ್ ಕನ್ಸೋಲಿನಲ್ಲಿ ಯಾವ ಪದಗಳಿಗೆ ತಾಣವು ಎಷ್ಟು ಸಲ ತೋರಿತು, ಎಷ್ಟು ಮಂದಿ ಒತ್ತಿ ಒಳಗೆ ಬಂದರು, ಸರಾಸರಿ ಸ್ಥಾನ ಯಾವುದು ಎಂಬ 16 ತಿಂಗಳ ಲೆಕ್ಕವಿರುವುದು.

ತಾಣವು ತೋರುವುದೇ ಅಪರೂಪವಾಗಿದ್ದರೆ ಗಿರಾಕಿಗಳು ಕೇಳುವ ಮಾತಿಗೂ ಪುಟದ ಬರಹಕ್ಕೂ ಹೊಂದಿಕೆಯಿಲ್ಲವೆಂದು ಊಹಿಸಬಹುದು. ಅನೇಕ ಸಲ ತೋರಿದರೂ ಸ್ಥಾನವು ಮೂವತ್ತು ನಲವತ್ತರಲ್ಲಿದ್ದರೆ ಇತರರ ಪುಟಗಳು ಹೆಚ್ಚು ಉಪಯುಕ್ತವೆಂದು ಎಣಿಸಲ್ಪಟ್ಟಿವೆ. ಸ್ಥಾನವು ಚೆನ್ನಾಗಿದ್ದೂ ಜನರು ಒಳಗೆ ಬಾರದಿದ್ದರೆ ಶೀರ್ಷಿಕೆಯೂ ಅದರ ಕೆಳಗಿನ ವಿವರಣೆಯೂ ಆಕರ್ಷಕವಾಗಿಲ್ಲ.

ಲೆಕ್ಕವು ಒಂದು ದಿನದಿಂದ ಹಠಾತ್ತಾಗಿ ಕುಸಿದಿದ್ದರೆ ಆ ದಿನಾಂಕವನ್ನು ಗುರುತುಹಾಕಿಕೊಂಡು, ಆಗ ತಾಣದಲ್ಲಿ ಏನು ಬದಲಾಯಿಸಿತೆಂದು ವಿಚಾರಿಸಬೇಕು. ಪುಟಗಳ ವಿಳಾಸಗಳನ್ನು ಬದಲಿಸಿ, ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ತೋರಿಸದಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಅಲ್ಲದೆ ನಮ್ಮ ಮಾಲುಗಳಿಗೆ ಹಂಗಾಮಿನ ಏರಿಳಿತವಿರುವುದನ್ನು ಮರೆಯಬಾರದು. ಸಂಕ್ರಾಂತಿಯ ಕಾಲದ ಬೆಲ್ಲದ ಬೇಡಿಕೆಯನ್ನು ಆಷಾಢದ ಬೇಡಿಕೆಯೊಡನೆ ಹೋಲಿಸದೆ, ಹಿಂದಿನ ವರ್ಷದ ಅದೇ ತಿಂಗಳೊಡನೆ ಹೋಲಿಸತಕ್ಕದ್ದು.

ಮೂರನೆಯ ಪರೀಕ್ಷೆ: ಪುಟದಲ್ಲಿ ಸಾರವಿದೆಯೇ?

ಬೆಲ್ಲ ತಯಾರಿಸುವ ಒಂದು ಸಂಘದ ತಾಣವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಮುಖಪುಟದಲ್ಲಿ ಅಧ್ಯಕ್ಷರ ಭಾವಚಿತ್ರವೂ "ಗುಣಮಟ್ಟವೇ ನಮ್ಮ ಧ್ಯೇಯ" ಎಂಬ ವಾಕ್ಯವೂ ಇವೆ. ದರಪಟ್ಟಿಯು ಛಾಯಾಚಿತ್ರದ ರೂಪದಲ್ಲಿದೆ. ಪ್ರತಿ ಪುಟದ ಶೀರ್ಷಿಕೆಯೂ 'ಮುಖಪುಟ' ಎಂದೇ ಇದೆ. ಗಿರಾಕಿಯಾದರೋ "ರಾಸಾಯನಿಕವಿಲ್ಲದ ಬೆಲ್ಲ, ಕಿಲೋ ಬೆಲೆ" ಎಂದು ಹುಡುಕುತ್ತಾನೆ. ಆ ಮಾತು ತಾಣದಲ್ಲಿ ಅಕ್ಷರರೂಪವಾಗಿ ಎಲ್ಲಿಯೂ ಇಲ್ಲ. ಅದು ತೋರದಿರುವುದರಲ್ಲಿ ಆಶ್ಚರ್ಯವೇನು?

ಇದರ ಬದಲು ಕಬ್ಬು ಯಾವ ಊರಿನದು, ರಸವನ್ನು ಶುದ್ಧಿಮಾಡಲು ಬೆಂಡೆಯ ಲೋಳೆಯನ್ನು ಬಳಸುವರೇ, ಬಣ್ಣ ಬಿಳುಪಾಗಲೆಂದು ಹೈಡ್ರೋಸ್ ಹಾಕುವರೇ ಇಲ್ಲವೇ, ಅಚ್ಚಿನ ತೂಕವೆಷ್ಟು, ಬೆಲೆಯೆಷ್ಟು, ಎಷ್ಟು ದಿನದಲ್ಲಿ ತಲಪುವುದು ಎಂಬುವನ್ನು ಅಕ್ಷರಗಳಲ್ಲಿ ಬರೆಯಬೇಕು. ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ಪುಟಗಳಿರುವುದು ಉತ್ತಮ. ಇತರರ ತಾಣದಿಂದ ನಕಲು ಮಾಡಿದ ಬರಹದಿಂದ ಪ್ರಯೋಜನವಿಲ್ಲ. ಗುಪ್ತವಾಗಿ ತುಂಬಿಸುವ 'ಕೀವರ್ಡ್' ಪಟ್ಟಿಯನ್ನು ಶ್ರೇಣಿಗಾಗಿ ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಪ್ರಕಟಿಸಿದೆ. ಅದಕ್ಕೆ ಹಣ ಕೇಳಿದರೆ ಕೊಡಬೇಕಾಗಿಲ್ಲ.

ನಾಲ್ಕನೆಯ ಪರೀಕ್ಷೆ: ಮೊಬೈಲ್ ಮತ್ತು ವೇಗ

ಗೂಗಲ್ ಈಗ ತಾಣದ ಮೊಬೈಲ್ ರೂಪವನ್ನೇ ಮುಖ್ಯವಾಗಿ ನೋಡುವುದು. ಈ ಬದಲಾವಣೆಯು ಪೂರ್ಣವಾಯಿತೆಂದು 2023ರಲ್ಲಿ ತಿಳಿಸಲಾಯಿತು. ಪುಟದ ಮುಖ್ಯಭಾಗವು 2.5 ಸೆಕೆಂಡುಗಳೊಳಗೆ ತೋರಬೇಕೆಂಬುದು ಒಳ್ಳೆಯ ಅಳತೆ. ದೊಡ್ಡ ಛಾಯಾಚಿತ್ರಗಳನ್ನು ಕುಗ್ಗಿಸಿದರೆ ಎಷ್ಟೋ ಅನುಕೂಲವಾಗುವುದು. ಆದರೆ ಸಾರವಿಲ್ಲದ ಪುಟಕ್ಕೆ ವೇಗವೊಂದರಿಂದಲೇ ಸ್ಥಾನ ದೊರೆಯದು.

ಐದನೆಯ ಪರೀಕ್ಷೆ: ಹೊರಗಿನ ಮನ್ನಣೆ

ಒಂದು ಪುಟಕ್ಕೆ ಇತರ ಪುಟಗಳು ಕೊಡುವ ಲಿಂಕುಗಳನ್ನು ಅದರ ಯೋಗ್ಯತೆಗೆ ಸಾಕ್ಷಿಯಾಗಿ ಎಣಿಸುವ ಪೇಜ್‌ರ್ಯಾಂಕ್ ಕ್ರಮವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬವರು 1998ರಲ್ಲಿ ಪ್ರಕಟಿಸಿದರು. ಸಾಕ್ಷಿಗೆ ಬೆಲೆಯಿರುವಲ್ಲಿ ಸುಳ್ಳು ಸಾಕ್ಷಿಯೂ ಹುಟ್ಟುವುದು. ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಅಂಗಡಿಯ ಪರವಾಗಿ ಹಣ ಕೊಟ್ಟು ಕೊಂಡ ಲಿಂಕುಗಳು 2011ರಲ್ಲಿ ಬಯಲಾಗಿ, ಅದರ ಪುಟಗಳು ಮೊದಲ ಸ್ಥಾನಗಳಿಂದ ಬಹು ಕೆಳಕ್ಕಿಳಿದವು. ಯಂತ್ರಕ್ಕೆ ಒಂದು ಪುಟವನ್ನೂ ಜನರಿಗೆ ಮತ್ತೊಂದನ್ನೂ ತೋರಿಸಿದುದಕ್ಕಾಗಿ ಬಿ.ಎಂ.ಡಬ್ಲ್ಯು. ಕಾರ್ಖಾನೆಯ ಜರ್ಮನ್ ತಾಣವು 2006ರಲ್ಲಿ ಕೆಲವು ದಿನ ದಾಖಲೆಯಿಂದಲೇ ತೆಗೆದುಹಾಕಲ್ಪಟ್ಟಿತು. ದೊಡ್ಡವರ ಪಾಡೇ ಹೀಗಿರಲು ಸಣ್ಣ ಸಂಘಗಳು ಈ ದಾರಿಗೆ ಹೋಗದಿರುವುದೇ ಲೇಸು. ಇಂತಹ ದಂಡನೆ ವಿಧಿಸಲ್ಪಟ್ಟಿದ್ದರೆ ಸರ್ಚ್ ಕನ್ಸೋಲಿನ 'ಮ್ಯಾನ್ಯುಯಲ್ ಆಕ್ಷನ್ಸ್' ಎಂಬ ಭಾಗದಲ್ಲಿ ತಿಳಿಯುವುದು.

ನ್ಯಾಯವಾದ ಮನ್ನಣೆಯು ಮಾಲು ಕೊಳ್ಳುವ ವರ್ತಕರು, ಊರಿನ ಸಂಸ್ಥೆಗಳು ಮತ್ತು ಪತ್ರಿಕೆಗಳು ತಾವಾಗಿ ಕೊಡುವ ಉಲ್ಲೇಖದಿಂದ ಬರುವುದು. ಅಂಗಡಿ ಅಥವಾ ಗೋದಾಮಿಗೆ ಗಿರಾಕಿಗಳು ಬರುವಂತಿದ್ದರೆ ಗೂಗಲಿನ ಉಚಿತ ಬಿಸಿನೆಸ್ ಪ್ರೊಫೈಲಿನಲ್ಲಿ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಸರಿಯಾಗಿ ನಮೂದಿಸತಕ್ಕದ್ದು.

ಎಚ್ಚರಿಕೆಯ ಮಾತು

ಮೊದಲನೆಯ ಸ್ಥಾನವನ್ನು ಯಾರೂ ಖಾತರಿಯಾಗಿ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಹೇಳುತ್ತದೆ. ಜಾಹೀರಾತಿಗೆ ಹಣ ಕೊಡುವುದರಿಂದಲೂ ಸಾಮಾನ್ಯ ಫಲಿತಾಂಶದ ಸ್ಥಾನವು ಮೇಲಕ್ಕೇರದು. ಇದಕ್ಕಿಂತಲೂ ಮುಖ್ಯವಾದುದೇನೆಂದರೆ, ತಾಣದ ವಿಳಾಸದ ನೋಂದಣಿಯೂ ಸರ್ಚ್ ಕನ್ಸೋಲಿನ ಒಡೆತನವೂ ಸಂಘದ ಹೆಸರಿನಲ್ಲಿಯೇ ಇರಬೇಕು. ಅವು ಗುತ್ತಿಗೆದಾರನ ಹೆಸರಿನಲ್ಲಿದ್ದರೆ, ಜಮೀನನ್ನು ಉಳುವವರು ನಾವು, ಖಾತೆ ಮಾತ್ರ ಬೇರೆಯವರದು ಎಂಬಂತಾಗುವುದು. ಅವನು ಕೆಲಸ ಬಿಟ್ಟ ದಿನ ತಾಣವೇ ಕೈತಪ್ಪಬಹುದು.

ಸಾರಾಂಶ

ಮೊದಲು ದಾಖಲೆ, ಅನಂತರ ಅಂಕಿ, ಆಮೇಲೆ ಬರಹ, ವೇಗ, ಮನ್ನಣೆ ಈ ಕ್ರಮದಲ್ಲಿಯೇ ಪರೀಕ್ಷೆ ನಡೆಯಲಿ. ಒಂದು ಸಲಕ್ಕೆ ಒಂದೇ ದೋಷವನ್ನು ತಿದ್ದಿ, ತಿದ್ದಿದ ದಿನವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಫಲವು ಕೆಲವು ದಿನಗಳಲ್ಲಿ ತೋರಬಹುದು, ಕೆಲವು ತಿಂಗಳುಗಳೂ ಹಿಡಿಯಬಹುದು. ಗ್ರಾಮದ ಮುಖಂಡರೂ ಹಿಡುವಳಿದಾರರೂ ತಮ್ಮ ಸಂಘದ ಮುಂದಿನ ಸಭೆಯಲ್ಲಿ ಮೊದಲನೆಯ ಪರೀಕ್ಷೆಯನ್ನು ಎಲ್ಲರ ಎದುರಿಗೇ ಮಾಡಿ ನೋಡಿ, ಅದರ ಉತ್ತರ ತಿಳಿಯುವವರೆಗೆ ಯಾರಿಗೂ ಹಣವನ್ನು ಮಂಜೂರು ಮಾಡದಿರುವುದು ಯುಕ್ತ.