ಮೊದಲ ಮೋಟಾರು ಸೈಕಲ್ಲಿನ ಟ್ಯೂನಿಂಗ್: ಮನೆಯಂಗಳದ ಒಂದು ಪಾಠ

ಈ ಸಲ ಕೊಳೆರೋಗದ ಬಗ್ಗೆಯಾಗಲಿ ಕಾಂಡಕೊರಕದ ಬಗ್ಗೆಯಾಗಲಿ ಬರೆಯುತ್ತಿಲ್ಲ. ಸಂಘದ ಗೋದಾಮಿನ ಮುಂದೆ ನಿಲ್ಲುವ ಬೈಕುಗಳಲ್ಲಿ ಅನೇಕವು ಈಗ ನಿಮ್ಮ ಮಕ್ಕಳವು. ಅಪ್ಪನಿಂದಲೋ ಸೋದರಮಾವನಿಂದಲೋ ಬಂದ, ನೂರು ಸಿ.ಸಿ.ಯ, ಕಾರ್ಬುರೇಟರ್ ಇರುವ ಹಳೆಯ ಗಾಡಿಗಳು. ಹತ್ತು ಸಲ ಕಿಕ್ ಹೊಡೆದು, ಚೋಕ್ ಎಳೆದು, ಕರಿಹೊಗೆ ಎಬ್ಬಿಸಿ ಹೊರಡುವುದನ್ನು ಕಚೇರಿಯ ಕಿಟಕಿಯಿಂದ ನಿತ್ಯ ನೋಡುತ್ತೇನೆ. ಮಳೆಗಾಲದ ರಾತ್ರಿ ಮನೆಯಲ್ಲಿ ಯಾರಿಗಾದರೂ ಮೈಗೆ ಹುಷಾರಿಲ್ಲದಾದಾಗ ಪೇಟೆಯ ಡಾಕ್ಟರಲ್ಲಿಗೆ ಹೋಗಬೇಕಾದದ್ದು ಇದೇ ಗಾಡಿಯಲ್ಲಿ ಎಂಬುದನ್ನು ನೆನೆದು ಈ ಲೇಖನ.

ಮೇ ತಿಂಗಳಲ್ಲಿ, ಬೋರ್ಡೋ ಸಿಂಪಡಣೆಗೆ ಪಂಪು ಸಿದ್ಧ ಮಾಡುವ ದಿನಗಳಲ್ಲಿ, ಒಂದು ಬೆಳಿಗ್ಗೆ ಇದಕ್ಕೂ ಇಡಿ. ಕಾಫಿ ಕೊಯ್ಲಿಗೆ ಮುಂಚೆ ಇನ್ನೊಮ್ಮೆ. ಬೇಕಾದದ್ದು ಪ್ಲಗ್ ಪಾನಾ, ನಾಲ್ಕಾರು ಸ್ಪಾನರು, ಒಂದು ಫೀಲರ್ ಗೇಜ್, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಟ್ಟೆ ಚೂರು. ಕೆಲಸ ಅಂಗಳದಲ್ಲೇ ಆಗಲಿ. ಬಾಗಿಲು ಹಾಕಿದ ಗೋದಾಮಿನಲ್ಲಿ ಇಂಜಿನ್ ಓಡಿಸಕೂಡದು. ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ.

ಹುಡುಗರು ಮಾಡುವ ದೊಡ್ಡ ತಪ್ಪೆಂದರೆ ಮೊದಲೇ ಕಾರ್ಬುರೇಟರಿನ ಸ್ಕ್ರೂಗೆ ಕೈ ಹಾಕುವುದು. ಅದು ಕಡೆಯ ಕೆಲಸ. ಏರ್ ಫಿಲ್ಟರ್ ಕಟ್ಟಿಕೊಂಡಿರುವಾಗ ಸ್ಕ್ರೂ ತಿರುಗಿಸಿ ಸರಿ ಮಾಡಿದರೆ, ಮುಂದೆ ಫಿಲ್ಟರ್ ತೊಳೆದ ದಿನ ಆ ಲೆಕ್ಕವೆಲ್ಲ ತಪ್ಪುತ್ತದೆ. ಆದುದರಿಂದ ಫಿಲ್ಟರಿನಿಂದಲೇ ಆರಂಭಿಸಿ. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು, ಹಿಂಡಿ, ನೆರಳಲ್ಲಿ ಚೆನ್ನಾಗಿ ಒಣಗಿಸಿ, ಸ್ವಲ್ಪ ಇಂಜಿನ್ ಆಯಿಲ್ ಸವರಿ ಮತ್ತೆ ಹಿಂಡಿ ಕೂರಿಸುವುದು. ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಬಿಡಿ, ಬೆಂಕಿಯ ಭಯವಿದೆ. ಕಾಗದದ ಫಿಲ್ಟರಾದರೆ ನೀರು ಸೋಕಿಸಬಾರದು. ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಗಾಳಿ ಹೊಡೆದರೆ ಸಾಕು, ತೀರಾ ಕಪ್ಪಾಗಿದ್ದರೆ ಹೊಸದು ಹಾಕಿ.

ಮುಂದಿನದು ಪ್ಲಗ್. ಇಂಜಿನ್ ತಣ್ಣಗಿರುವಾಗ, ಸುತ್ತಲ ಮಣ್ಣನ್ನು ಬ್ರಷ್ಷಿನಿಂದ ತೆಗೆದ ಮೇಲೆಯೇ ಬಿಚ್ಚಬೇಕು. ಇಲ್ಲವಾದರೆ ಮಣ್ಣು ಸಿಲಿಂಡರಿಗೆ ಬೀಳುತ್ತದೆ. ಬಿಚ್ಚಿದ ಪ್ಲಗ್ಗಿನ ಮೂತಿಯನ್ನು ಬೆಳಕಿಗೆ ಹಿಡಿದು ನೋಡಿ. ಗಿಡದ ಎಲೆ ನೋಡಿ ಯಾವ ಗೊಬ್ಬರ ಕಡಮೆಯೆಂದು ಹೇಳುವ ಹಾಗೆ ಇದರ ಬಣ್ಣ ನೋಡಿ ಇಂಜಿನ್ನಿನ ಆರೋಗ್ಯ ಹೇಳಬಹುದು. ಬಿಸ್ಕತ್ತಿನ ಕಂದು ಇದ್ದರೆ ಕ್ಷೇಮ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಮೆ. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ, ಅದು ಮೆಕ್ಯಾನಿಕ್ಕಿನ ಕೆಲಸ. ಬೂದಿಯಂತೆ ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದೆ ಇಂಜಿನ್ ಮಿತಿಮೀರಿ ಕಾಯುತ್ತಿದೆ. ಇದನ್ನು ಅಲಕ್ಷಿಸಬೇಡಿ, ಪಿಸ್ಟನ್ನಿಗೇ ಸಂಚಕಾರ. ತುದಿಗಳ ನಡುವಿನ ಸಂದು ಹಳೆಯ ಅನೇಕ ಗಾಡಿಗಳಲ್ಲಿ 0.6ರಿಂದ 0.7 ಮಿ.ಮೀ.; ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಪ್ರಮಾಣ. ತಿರುಗಿ ಹಾಕುವಾಗ ಪಾನಾ ಹಿಡಿಯದೆ ಬೆರಳಿನಿಂದಲೇ ಪೂರ್ತಿ ತಿರುಗಿಸಿ, ಕಡೆಗೆ ಪಾನಾದಿಂದ ಹಳೆಯ ಪ್ಲಗ್ಗಿಗೆ ಕಾಲು ಸುತ್ತು, ವಾಷರಿರುವ ಹೊಸದಕ್ಕೆ ಅರ್ಧ ಸುತ್ತು. ಅಲ್ಯೂಮಿನಿಯಂ ಹೆಡ್ಡಿನ ಮರೆ ಒಮ್ಮೆ ಹೋಯಿತೆಂದರೆ ಲೇತ್ ಅಂಗಡಿಯೇ ಗತಿ. ಈ ಪ್ಲಗ್ ಪಾಠ ಪವರ್ ಸ್ಪ್ರೇಯರಿಗೂ ಕಳೆ ಕತ್ತರಿಸುವ ಯಂತ್ರಕ್ಕೂ ಸಲ್ಲುತ್ತದೆ.

ಟ್ಯಾಪೆಟ್ ಸಂದನ್ನು ಮೊದಲ ಸಲ ಬಲ್ಲವರು ಪಕ್ಕದಲ್ಲಿ ಇಲ್ಲದೆ ಮಾಡಬೇಡಿ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರಬೇಕು, ಎರಡು ವಾಲ್ವುಗಳೂ ಮುಚ್ಚಿರಬೇಕು. ಅಳತೆ ಕೈಪಿಡಿಯದೇ. ಟಿಕ್ ಟಿಕ್ ಸದ್ದು ಕೇಳಿ ಬಿಗಿ ಮಾಡುತ್ತಾ ಹೋಗುವವರಿದ್ದಾರೆ. ಸಣ್ಣ ಸದ್ದು ಇರುವ ಗಾಡಿ ಓಡುತ್ತದೆ. ಸದ್ದೇ ಇಲ್ಲದಷ್ಟು ಬಿಗಿದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ಈಗ ಕಾರ್ಬುರೇಟರ್. ಕೆಳಗಿನ ಬಟ್ಟಲಿನ ಸ್ಕ್ರೂ ಸಡಿಲಿಸಿ ಹಳೆಯ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಇಳಿಸಿ ನೋಡಿ. ತಳದಲ್ಲಿ ನೀರು ಬೇರೆಯಾಗಿ ನಿಂತರೆ ನಿಮ್ಮ ಕಾಯಿಲೆಯ ಮೂಲ ಸಿಕ್ಕಿತೆಂದೇ ಲೆಕ್ಕ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಅದು ತೇವವನ್ನು ಹೀರುತ್ತದೆ. ಆಗುಂಬೆಯಂಥ ಮಳೆಯ ಊರಿನಲ್ಲಿ ಅರ್ಧ ಖಾಲಿ ಟ್ಯಾಂಕಿನ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಹಳೆಯ ಗಾಡಿಯ ರಬ್ಬರ್ ಪೈಪನ್ನೂ ಬಗ್ಗಿಸಿ ನೋಡಿ, ಬಿರುಕಿದ್ದರೆ ಬದಲಿಸಿ. ಬಳಿಕ ನಾಲ್ಕು ಮೈಲಿ ಓಡಿಸಿ ಇಂಜಿನ್ ಬಿಸಿ ಮಾಡಿಕೊಂಡು ಬನ್ನಿ. ಮಿಶ್ರಣದ ಸ್ಕ್ರೂ ಎಷ್ಟು ಸುತ್ತಿನಲ್ಲಿದೆಯೆಂದು ಗೋಡೆಯ ಮೇಲಾದರೂ ಬರೆದಿಟ್ಟುಕೊಂಡು, ಕಾಲು ಕಾಲು ಸುತ್ತು ಅತ್ತ ಇತ್ತ ತಿರುಗಿಸುತ್ತಾ ಇಂಜಿನ್ ಅತಿ ಚುರುಕಾಗಿ, ಒಂದೇ ಸಮನೆ ಓಡುವ ಜಾಗ ಹುಡುಕಿ. ಅಲ್ಲಿಗೆ ಬಿಟ್ಟು, ಐಡ್ಲಿಂಗ್ ಸ್ಕ್ರೂವಿನಿಂದ ವೇಗ ಇಳಿಸಿ. ಕಿವಿಗೆ ಕೆಲಸ ಕೊಡಿ, ಅವಸರ ಬೇಡ. 2020ರ ಏಪ್ರಿಲಿನ ನಂತರದ ಹೊಸ ಗಾಡಿಗಳು ಬಹುತೇಕ ಫ್ಯೂಯಲ್ ಇಂಜೆಕ್ಷನ್ನಿನವು. ಅವುಗಳಲ್ಲಿ ಈ ಭಾಗವೇ ಇಲ್ಲ, ಎಚ್ಚರಿಕೆಯ ದೀಪ ಹತ್ತಿದರೆ ಷೋರೂಮಿಗೆ ಒಯ್ಯುವುದು.

ಚೈನಿನ ವಿಷಯವನ್ನು ಸ್ವಂತ ಅನುಭವದಿಂದ ಹೇಳುತ್ತೇನೆ. ಡಿಗ್ರಿ ಮುಗಿಸಿ ತೋಟಕ್ಕೆ ಬಂದ ಹೊಸತರಲ್ಲಿ, 1992ರಲ್ಲಿ, ಸೆಕೆಂಡ್ ಹ್ಯಾಂಡ್ ಯೆಜ್ಡಿ ಕೊಂಡೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಚೈನಿಗೆ ಪೂರ್ತಿ ಮುಚ್ಚಳವಿದ್ದ ಗಾಡಿ. ಗಲಗಲ ಸದ್ದು ಮಾಡುತ್ತದೆಂದು ನಾನು ಮುಚ್ಚಳ ಬಿಚ್ಚಿಟ್ಟೆ. ಮರುವರ್ಷ ಆಷಾಢದಲ್ಲಿ ಒಂದು ದಿನ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಗೇರಿನಲ್ಲಿ ಇಂಜಿನ್ ಓಡುತ್ತಿರುವಾಗಲೇ ಬಟ್ಟೆಯಿಂದ ಚೈನ್ ಒರೆಸತೊಡಗಿದೆ. ಚಕ್ರ ತಾನೇ ತಿರುಗುತ್ತಿದ್ದರೆ ಕೆಲಸ ಬೇಗ ಆಗುತ್ತದೆಂಬ ಜಾಣತನ. ಬಟ್ಟೆ ಸಿಕ್ಕಿಕೊಂಡದ್ದು ಗೊತ್ತಾಯಿತು, ಬೆರಳು ಹೋದದ್ದು ಗೊತ್ತಾಗಲಿಲ್ಲ. ಅಮ್ಮ ಕೊಟ್ಟಿಗೆಯಿಂದ ಓಡಿ ಬಂದು ಸೆರಗಿನಿಂದ ಕಟ್ಟಿದರು. ಎಡಗೈ ತೋರುಬೆರಳಿನ ತುದಿ ಇಂದಿಗೂ ಇಲ್ಲ. ಸಂಘದ ನೋಟುಗಳನ್ನು ನಾನೇಕೆ ನಿಧಾನವಾಗಿ ಎಣಿಸುತ್ತೇನೆಂದು ಕೇಳುವವರಿಗೆ ಇದೇ ಉತ್ತರ.

ಆದುದರಿಂದ ಇಂಜಿನ್ ನಿಲ್ಲಿಸಿ, ಬೀಗದ ಕೈ ಜೇಬಿಗೆ ಹಾಕಿ, ನ್ಯೂಟ್ರಲ್ಲಿನಲ್ಲಿ ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಚೈನ್ ನೋಡಿ. ಸಣ್ಣ ಗಾಡಿಗಳಲ್ಲಿ ಮಧ್ಯಭಾಗ ಮೇಲೆ ಕೆಳಗೆ ಎರಡರಿಂದ ಮೂರು ಸೆಂಟಿಮೀಟರ್ ಆಡಬೇಕು. ಎರಡೂ ಕಡೆಯ ಗುರುತು ಸಮನಾಗಿರಲಿ, ಆಕ್ಸಲ್ ನಟ್ ಮತ್ತೆ ಬಿಗಿಯಾಗಿರಲಿ. ಆಕ್ಸಿಲರೇಟರ್ ಹಿಡಿಯನ್ನು ತಿರುಗಿಸಿ ಬಿಟ್ಟರೆ ಹ್ಯಾಂಡಲ್ ಎತ್ತ ತಿರುಗಿದ್ದರೂ ಅದು ತಾನೇ ಹಿಂದಕ್ಕೆ ಬರಬೇಕು. ಬಾರದಿದ್ದರೆ ಕೇಬಲ್ ಬದಲಿಸದೆ ಘಾಟಿ ಇಳಿಯಕೂಡದು.

ಆಯಿಲ್ ಬದಲಿಸುವಾಗ ಪಂಪ್‌ಸೆಟ್ಟಿಗೋ ಕಾರಿಗೋ ತಂದದ್ದನ್ನು ಸುರಿಯಬೇಡಿ, ಕ್ಲಚ್ ಜಾರೀತು. ಬೈಕಿನದೇ ಬೇಕು. ಇಳಿಸಿದ ಹಳೆಯ ಆಯಿಲನ್ನು ತೋಡಿಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಪೇಟೆಯ ಗ್ಯಾರೇಜಿಗೆ ಕೊಡುವುದು.

ಫೀಲರ್ ಗೇಜ್ ಮತ್ತು ಪ್ಲಗ್ ಪಾನಾ ಸಂಘದ ಕಚೇರಿಯಲ್ಲಿವೆ. ಸದಸ್ಯರ ಮಕ್ಕಳು, ಹೆಣ್ಣುಮಕ್ಕಳೂ ಸೇರಿ, ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು. ಸಂಜೆ ಐದರೊಳಗೆ ಒರೆಸಿ ಹಿಂತಿರುಗಿಸತಕ್ಕದ್ದು.

— ಕಾರ್ಯದರ್ಶಿ