ತಿಪ್ಪೆ ಇದ್ದ ಜಾಗ ಬಿಟ್ಟು

ಮಣ್ಣಿನ ಮಾದರಿ ತೆಗೆಯಲು ಹೊರಟವರಿಗೆ ಮೊದಲು ಕಲಿಸುವುದು ಎಲ್ಲಿ ಅಗೆಯಬಾರದು ಎಂಬುದನ್ನು. ಬದುವಿನ ಪಕ್ಕ ಬೇಡ, ಮರದ ಬುಡದಲ್ಲಿ ಬೇಡ, ತಿಪ್ಪೆ ಇದ್ದ ಕಡೆ ಬೇಡ. ಉಳಿದ ಹೊಲದಲ್ಲಿ ಅಲ್ಲಲ್ಲಿ 15 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಅಂಚಿನ ಮಣ್ಣು ಕೆರೆದು, ಎಲ್ಲವನ್ನೂ ಕಲಸಿ ಅರ್ಧ ಕಿಲೋ ಚೀಲಕ್ಕೆ ತುಂಬಬೇಕು. 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆ ಬಂದ ಮೇಲೆ ಪಾವಗಡ, ಶಿರಾ ಕಡೆಯ ಕೆಂಪು ಹೊಲಗಳಲ್ಲಿ ನಾನು ಮಾಡಿದ್ದು ಈ ಕೆಲಸ.

ಸರಾಸರಿ ಬೇಕೆಂದರೆ ನಿಯಮ ಸರಿಯೇ. ಆದರೆ ಎರಡು ಎಕರೆಯವರ ಹೊಲದಲ್ಲಿ ಅವರು ವರ್ಷಗಟ್ಟಲೆ ಕಸುವು ಕೂಡಿಟ್ಟದ್ದು ಆ ಬಿಟ್ಟ ಜಾಗಗಳಲ್ಲೇ. ಬದುವಿನ ಮೇಲೆ ಹೊಂಗೆ, ಅದರ ಸೊಪ್ಪು ಹೊಲಕ್ಕೆ. ಹಳೇ ತಿಪ್ಪೆಯ ಜಾಗದಲ್ಲಿ ರಾಗಿ ಹಾಕಿದರೆ ಎತ್ತರಕ್ಕೆ ಬೆಳೆದು ಮಲಗಿಬಿಡುತ್ತದೆಂದು ಅಲ್ಲಿ ಕುಂಬಳ, ಮೆಣಸಿನಗಿಡ. ಒಬ್ಬ ಅಜ್ಜಿ ನನ್ನ ಬಕೆಟ್ಟಿನೊಳಗೆ ಬಗ್ಗಿ ನೋಡಿ ಕೇಳಿದರು: “ಈ ಮೂಲೇಲಿ ಹೋದೊರ್ಸ ಕುರಿಮಂದೆ ನಿಲ್ಸಿದ್ವಿ ಕಣಪ್ಪ, ಆ ಕಡೀಕೆ ಏನೂ ಹಾಕಿಲ್ಲ. ಎರಡೂ ಕಲಸಿಬಿಟ್ರೆ ಅದ್ಯಾವ ಹೊಲದ ಮಣ್ಣು?”

ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ಎಂಬುದು ಆಗಿನ ಲೆಕ್ಕ. ಅಂದರೆ ಸುಮಾರು 25 ಎಕರೆ, ಹತ್ತಾರು ಮನೆಯವರ ಹೊಲ. ಮಂದೆ ನಿಲ್ಲಿಸಿದವರಿಗೂ ನಿಲ್ಲಿಸದವರಿಗೂ ಒಂದೇ ಅಂಕಿ! ಅಜ್ಜಿಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಮಂದೆಯ ವಿಚಾರ ಅವರಿಂದಲೇ ಕಲಿತೆ. ರಾತ್ರಿ ಕುರಿ ಮಲಗಿದ ಜಾಗವನ್ನು ದಿನಾ ಸರಿಸಬೇಕು. ಒಂದೇ ಕಡೆ ಬಿಟ್ಟರೆ ಅಲ್ಲಿ ಪೈರು ಸುಟ್ಟೀತು, ಪಕ್ಕದ್ದು ಬಡವಾದೀತು. ಮಂದೆ ಎದ್ದ ಮೇಲೆ ತಡಮಾಡದೆ ಉಳಬೇಕು, ಇಲ್ಲದಿದ್ದರೆ ಗಂಜಲದ ಸಾರ ಬಿಸಿಲಿಗೆ ಹಾರಿಹೋಗುತ್ತದೆ. ಪುಸ್ತಕದಲ್ಲಿ ಇದು ಅಮೋನಿಯ ಆವಿಯಾಗುವ ಪಾಠ. ಗಂಜಲ ಮೊದಲ ಬೆಳೆಗೆ, ಹಿಕ್ಕೆ ಮುಂದಿನ ವರ್ಷಕ್ಕೆ ಎಂಬುದು ಅವರ ಲೆಕ್ಕ.

ಕೆರೆಗೋಡಿನ ವಿಷಯದಲ್ಲೂ ಇಷ್ಟೇ ಕರಾರು. ನೀರು ಒಳಬರುವ ಕಡೆಯದು ಬರೀ ಮರಳು, ಏರಿಯ ಹತ್ತಿರದ್ದು ನುಣ್ಣನೆ ಜೇಡಿ. ಮರಳು ಹೊಲಕ್ಕೆ ಬೇಕಾದದ್ದು ಎರಡನೆಯದು. ಬೇಸಿಗೆಯಲ್ಲಿ ಹರಡಿ, ಹೆಂಟೆ ಮೊದಲ ಮಳೆಗೆ ಬಿರಿಯಲು ಬಿಡಬೇಕು.

ಹಾಗೆಂದು ರೈತರ ಕಣ್ಣಿಗೆ ಎಲ್ಲವೂ ಕಾಣುತ್ತದೆ ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ಇಕ್ರಿಸ್ಯಾಟ್ ವಿಜ್ಞಾನಿಗಳು ನಮ್ಮ ಒಣಭೂಮಿಯಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿದೆ ಎಂದು ತೋರಿಸಿಕೊಟ್ಟರು. ಬೋರಾನ್ ಕೊರತೆಯನ್ನು ಯಾವ ಅಜ್ಜಿಯೂ ಮಣ್ಣು ಮೂಸಿ ಹೇಳಲಾರಳು. ಚೀಟಿಯ 12 ಅಂಶಗಳಲ್ಲಿ ರೈತರು ನಿಜಕ್ಕೂ ಕುತೂಹಲದಿಂದ ಕೇಳುತ್ತಿದ್ದುದು ಇಂಥವನ್ನೇ. ಸಾವಯವ ಇಂಗಾಲ ಕಡಿಮೆ ಎಂದರೆ, “ಅದು ಗೊತ್ತಿರೋದೇ” ಎನ್ನುವ ಮುಖ.

ಗೊತ್ತಿದ್ದೂ ಏಕೆ ಕಡಿಮೆ? ಮಾತು ಇಲ್ಲಿಗೆ ಬಂದಾಗ ನನಗೆ ಸಿಟ್ಟು ಬರುತ್ತದೆ. ಸ್ಥಳೀಯ ಜ್ಞಾನ ಎಂದು ವೇದಿಕೆಯಲ್ಲಿ ಹೊಗಳುವವರು ಹಟ್ಟಿಯೊಳಗೆ ಇಣುಕುವುದಿಲ್ಲ. ಉಳುಮೆಗೆ ಟ್ರಾಕ್ಟರ್ ಬಂತು, ಎತ್ತು ಹೋಯಿತು, ತಿಪ್ಪೆ ಕುಗ್ಗಿತು. ಮಂದೆಯವರು ಹೆಚ್ಚು ದುಡ್ಡು ಕೊಡುವ ತೋಟದ ಕಡೆ ಹೋಗುತ್ತಾರೆ. ಗೊಬ್ಬರವೇ ಇಲ್ಲದ ಮನೆಯಲ್ಲಿ ಗೊಬ್ಬರದ ತಿಳಿವಳಿಕೆ ಇಟ್ಟುಕೊಂಡು ಏನು ಮಾಡುವುದು?

ಈಚೆಗೆ ಯಾರಾದರೂ ಹೊಲಕ್ಕೆ ಕರೆದರೆ ಗುದ್ದಲಿ ಹಿಡಿಯುವ ಮುಂಚೆ ಮನೆಯ ಹೆಂಗಸರ ಹತ್ತಿರ ಕೂರುತ್ತೇನೆ. ಕಸ, ಬೂದಿ, ಸಗಣಿ ಹೊತ್ತು ತಿಪ್ಪೆಗೆ ಹಾಕುವವರು ಅವರೇ; ಯಾವ ವರ್ಷ ಎಷ್ಟು ಗಾಡಿ, ಯಾವ ಮೂಲೆಗೆ ಹೋಯಿತೆಂಬುದು ಅವರ ಬಾಯಲ್ಲೇ ಇರುತ್ತದೆ. ಅದರ ಪ್ರಕಾರ ಹೊಲವನ್ನು ಎರಡೋ ಮೂರೋ ಪಾಲು ಮಾಡಿ ಬೇರೆ ಬೇರೆ ಚೀಲ ತುಂಬುತ್ತೇನೆ. ಪರೀಕ್ಷೆಯ ಖರ್ಚು ಹೆಚ್ಚಾಗುತ್ತದೆ, ನಿಜ.