ಗುದ್ದಲಿ ಬೇಡದ ನಿಧಿಶೋಧ

ನಿಧಿ ಎಂಬ ಮಾತು ಕಿವಿಗೆ ಬಿದ್ದರೆ ಯಾರ ಮನಸ್ಸು ತಾನೆ ಅರಳದು? ಹಾಳು ಕೋಟೆಯ ಬುಡದಲ್ಲಿ ಏಳು ಕೊಪ್ಪರಿಗೆ ಹೊನ್ನಿದೆ, ಅದನ್ನು ಸರ್ಪವೊಂದು ಕಾಯುತ್ತಿದೆ, ಅಂಜನ ಹಾಕಿ ನೋಡಿದವರಿಗೆ ಮಾತ್ರ ಅದು ಕಾಣಿಸುತ್ತದೆ ಎಂಬ ಕಥೆ ಕನ್ನಡ ನಾಡಿನ ಅನೇಕ ಊರುಗಳಲ್ಲಿ ಉಂಟು. ಕಥೆ ಕಥೆಯಾಗಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದನ್ನು ನಂಬಿದ ದುರಾಸೆಯ ಜನರು ಇರುಳಿನಲ್ಲಿ ಹಾರೆ ಗುದ್ದಲಿಗಳನ್ನು ಹಿಡಿದು ಹೊರಟರು. ಗರ್ಭಗುಡಿಯ ನೆಲವನ್ನು ಅಗೆದರು. ನಂದಿಯ ವಿಗ್ರಹವನ್ನು ಕಿತ್ತು ಉರುಳಿಸಿದರು. ಶಾಸನದ ಕಲ್ಲನ್ನು ಒಡೆದರು. ಅವರಿಗೆ ಹೊನ್ನು ಸಿಕ್ಕಿತೋ ಇಲ್ಲವೋ, ನಾಡು ಮಾತ್ರ ತನ್ನ ನಿಜವಾದ ನಿಧಿಯನ್ನು ಕಳೆದುಕೊಂಡಿತು.

ಇದಕ್ಕೆ ತೀರ ಭಿನ್ನವಾದ ನಿಧಿಶೋಧವೊಂದು ಇಂದು ಜಗತ್ತಿನ ಹಲವು ದೇಶಗಳಲ್ಲಿ ಪ್ರಚಾರದಲ್ಲಿದೆ. ಇದರ ಹೆಸರು ಜಿಯೋಕ್ಯಾಚಿಂಗ್. 'ಜಿಯೋ' ಎಂದರೆ ಭೂಮಿ; 'ಕ್ಯಾಶ್' ಎಂದರೆ ಬಚ್ಚಿಟ್ಟ ವಸ್ತು. ಈ ಆಟದಲ್ಲಿ ನೆಲವನ್ನು ಅಗೆಯುವಂತಿಲ್ಲ. ಇದಕ್ಕೆ ಬೇಕಾದುದು ಗುದ್ದಲಿಯಲ್ಲ, ಅಂಜನವೂ ಅಲ್ಲ. ಅಕ್ಷಾಂಶ ರೇಖಾಂಶಗಳ ತಿಳಿವಳಿಕೆ ಮತ್ತು ನಡೆಯಲು ಬೇಸರಪಡದ ಕಾಲುಗಳು.

ಈ ಆಟದ ಹುಟ್ಟು ಕುತೂಹಲಕರವಾದುದು. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಮೂಹವೊಂದನ್ನು ಅಮೆರಿಕವು ತನ್ನ ಸೈನ್ಯದ ಉಪಯೋಗಕ್ಕಾಗಿ ರಚಿಸಿತು. ಜಿ.ಪಿ.ಎಸ್. ಎಂದು ಪ್ರಸಿದ್ಧವಾದುದು ಇದೇ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ದೊರೆತರೆ ಅಂಗೈಯಗಲದ ಯಂತ್ರವು ತಾನಿರುವ ನೆಲೆಯನ್ನು ಲೆಕ್ಕಹಾಕಿ ಹೇಳಬಲ್ಲದು. ಆದರೆ ಸಾಮಾನ್ಯ ಜನರಿಗೆ ದೊರೆಯುತ್ತಿದ್ದ ಸಂಕೇತಗಳಲ್ಲಿ ಬೇಕೆಂದೇ ತಪ್ಪನ್ನು ಬೆರೆಸಲಾಗುತ್ತಿತ್ತು. 2000ನೆಯ ಇಸವಿಯ ಮೇ 2ರಂದು ಆ ಪದ್ಧತಿಯನ್ನು ಕೈಬಿಡಲಾಯಿತು. ಮರುದಿನವೇ, ಎಂದರೆ ಮೇ 3ರಂದು, ಡೇವ್ ಅಲ್ಮರ್ ಎಂಬಾತ ಓರೆಗಾನ್ ರಾಜ್ಯದ ಬೀವರ್‌ಕ್ರೀಕ್ ಎಂಬಲ್ಲಿ ಒಂದು ಕಪ್ಪು ಬಕೆಟ್ಟನ್ನು ಇರಿಸಿ, ಅದರ ನೆಲೆಯ ಅಂಕಿಗಳನ್ನು ಪ್ರಕಟಿಸಿದನು. ಅದರೊಳಗೆ ಹೊನ್ನಿರಲಿಲ್ಲ, ಪುಸ್ತಕ, ಕವಣೆ ಮುಂತಾದ ಕೆಲವು ವಸ್ತುಗಳೂ ಬಂದವರು ಬರೆದು ಹೋಗಲು ಒಂದು ದಿನಚರಿಯೂ ಇದ್ದವು. ಬಂದವನು ಏನನ್ನಾದರೂ ತೆಗೆದುಕೊಳ್ಳಬಹುದು. ಬದಲಿಗೆ ಏನನ್ನಾದರೂ ಇಟ್ಟು ಹೋಗಬೇಕು. ಇದೇ ಆಟದ ನಿಯಮವಾಯಿತು.

ಅಕ್ಷಾಂಶದ ಒಂದು ಡಿಗ್ರಿಯೆಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರು. ಅದರ ಅರುವತ್ತನೆಯ ಒಂದು ಪಾಲು ಮಿನಿಟು. ಮಿನಿಟಿನ ಅರುವತ್ತನೆಯ ಒಂದು ಪಾಲು ಸೆಕೆಂಡು. ಒಂದು ಸೆಕೆಂಡು ಸುಮಾರು 31 ಮೀಟರಿಗೆ ಸಮ. ಹೀಗಿರುವಾಗ ಒಂದು ಊರಿನೊಳಗಣ ಪ್ರತಿಯೊಂದು ಹಳೆಯ ಕಟ್ಟಡವನ್ನೂ ಅಂಕಿಗಳಿಂದಲೇ ಗುರುತಿಸಬಹುದಷ್ಟೆ. ಹಲವು ನೆಲೆಗಳನ್ನು ಒಂದಕ್ಕೊಂದು ಪೋಣಿಸಿ, ಒಂದೆಡೆಯ ಒಗಟನ್ನು ಬಿಡಿಸಿದವನಿಗೆ ಮುಂದಿನ ನೆಲೆ ತಿಳಿಯುವಂತೆ ಹಾದಿಯನ್ನು ಹೆಣೆಯುವುದೂ ಉಂಟು.

ಅಂಥ ಹಾದಿಯನ್ನು ಶ್ರೀರಂಗಪಟ್ಟಣದಲ್ಲಿ ಹೆಣೆದರೆ ಹೇಗಿದ್ದೀತು? ಅಳತೆಯಿಂದ ನೆಲೆಯನ್ನು ಗುರುತಿಸುವ ವಿದ್ಯೆಗೂ ಈ ಊರಿಗೂ ಹಳೆಯ ನಂಟುಂಟು. 1799ರಲ್ಲಿ ಇಲ್ಲಿ ನಡೆದ ಯುದ್ಧದಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್‌ಟನ್ ಎಂಬ ಸೇನಾಧಿಕಾರಿಯೇ ಮುಂದೆ 1802ರಲ್ಲಿ ಮದರಾಸಿನಿಂದ ಆರಂಭಿಸಿ, ಭಾರತವನ್ನು ತ್ರಿಕೋನಗಳಿಂದ ಅಳೆಯುವ ಮಹಾಕಾರ್ಯಕ್ಕೆ ತೊಡಗಿದನು.

ಕಾವೇರಿಯ ಎರಡು ಕವಲುಗಳ ನಡುವಣ ಈ ದ್ವೀಪದಲ್ಲಿ ಹಾದಿಯು ಶ್ರೀರಂಗನಾಥನ ಗುಡಿಯ ಮುಂದೆ ಆರಂಭವಾಗಲಿ. ಮೊದಲ ಒಗಟು ಹೀಗಿರಬಹುದು: 'ಅವಳಿ ಗೋಪುರಗಳು ಬಾನಿನತ್ತ ಕೈಚಾಚಿರುವಲ್ಲಿಗೆ ಹೋಗು.' ಅದು 1787ರಲ್ಲಿ ಕಟ್ಟಿಸಿದ ಮಸೀದಿ. ಕೋಟೆಯಿಂದ ಹೊರಕ್ಕೆ ಬಂದರೆ ದರಿಯಾ ದೌಲತ್ ಅರಮನೆ. 1784ರಲ್ಲಿ ಎದ್ದ ಈ ಬೇಸಿಗೆಯರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಸೋತ ಇಂಗ್ಲಿಷ್ ದಳಪತಿಯೊಬ್ಬನು ಅದರಲ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಅವನು ಯಾರು? ಈ ಪ್ರಶ್ನೆಗೆ ಉತ್ತರ ತಿಳಿದವನಿಗೆ ಮುಂದಿನ ನೆಲೆಯೂ ತಿಳಿಯುತ್ತದೆ. ಅವನು ಕರ್ನಲ್ ಬೇಲಿ. ಸೆರೆಯಾಗಿ ಇಲ್ಲಿಗೆ ಬಂದ ಅವನು 1782ರಲ್ಲಿ ತೀರಿಕೊಂಡನು. ಕೋಟೆಯೊಳಗಿನ ನೆಲಮಾಳಿಗೆಯ ಸೆರೆಮನೆಯೊಂದಕ್ಕೆ ಇಂದಿಗೂ ಅವನ ಹೆಸರೇ ಇದೆ. ಅದೇ ಕದನದಲ್ಲಿ ಸೆರೆಸಿಕ್ಕಿ ಈ ಊರಿನಲ್ಲಿ ಸಂಕೋಲೆ ಹೊತ್ತಿದ್ದ ಡೇವಿಡ್ ಬೇರ್ಡ್ ಎಂಬವನು 1799ರ ಮೇ 4ರಂದು ಈ ಕೋಟೆಗೆ ಲಗ್ಗೆಯಿಟ್ಟ ಸೈನ್ಯದ ಮುಂದಾಳಾಗಿದ್ದನು. ಟಿಪ್ಪು ಸುಲ್ತಾನನು ಹೋರಾಡುತ್ತ ಮಡಿದುದು ಅಂದೇ. ಒಂದು ಗೋಡೆಯ ಚಿತ್ರ, ಒಂದು ಕತ್ತಲೆಯ ಕೋಣೆ, ಒಂದು ಒಡೆದ ಕೋಟೆ: ಬಿಡಿಬಿಡಿಯಾಗಿ ನೋಡಿದವನಿಗೆ ಇವು ಮೂರು ಹಳೆಯ ಕಟ್ಟಡಗಳು, ಹಾದಿ ಹಿಡಿದು ನಡೆದವನಿಗೆ ಒಂದೇ ಇತಿಹಾಸದ ಮೂರು ಪುಟಗಳು.

ಇದೇ ಊರಿನಲ್ಲಿ ಅಂಕಿಗಳನ್ನೇ ಬೆರಗುಗೊಳಿಸುವ ಕಟ್ಟಡವೊಂದಿದೆ. ಅದು ಟಿಪ್ಪುವಿನ ಕಾಲದ ಶಸ್ತ್ರಾಗಾರ. ಬೆಂಗಳೂರು-ಮೈಸೂರು ರೈಲು ಮಾರ್ಗವನ್ನು ಜೋಡಿಮಾರ್ಗ ಮಾಡುವಾಗ ಅದು ಅಡ್ಡವಾಗಿತ್ತು. ಅದನ್ನು ಕೆಡವುವುದು ಸುಲಭವಾಗಿತ್ತು. ಆದರೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಇಟ್ಟಿಗೆ ಗಾರೆಯ ಕಟ್ಟಡವನ್ನು ಬುಡದಿಂದ ಬಿಡಿಸಿ, ಜಾಕುಗಳಿಂದ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ನಿಲ್ಲಿಸಲಾಯಿತು. ಹಳೆಯ ಅಂಕಿಗಳನ್ನು ನಂಬಿ ಹೋದವನಿಗೆ ಅಲ್ಲಿ ಶಸ್ತ್ರಾಗಾರ ಕಾಣದು. ಕಟ್ಟಡದ ನೆಲೆ ಬದಲಾಯಿತು, ಕಟ್ಟಡ ಉಳಿಯಿತು. ಉಳಿಸಬೇಕೆಂಬ ಮನಸ್ಸಿದ್ದರೆ ಕಲ್ಲುಗೋಡೆಗೂ ಕಾಲು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಇಂಥ ಹಾದಿಗೆ ಕಟ್ಟುನಿಟ್ಟಾದ ಮರ್ಯಾದೆಗಳೂ ಬೇಕು. ರಕ್ಷಿತ ಸ್ಮಾರಕದ ಸಂದಿಗೊಂದಿಗಳಲ್ಲಿ ಡಬ್ಬಿಯನ್ನು ತುರುಕಬಾರದು. ಒಂದು ಕಲ್ಲನ್ನೂ ಕದಲಿಸಬಾರದು. ಅಂಥ ಕಡೆ ಡಬ್ಬಿಯಿಲ್ಲದ ನಿಧಿಯೇ ಲೇಸು: ಬಾಗಿಲ ಮೇಲಿನ ಇಸವಿಯನ್ನು ಓದುವುದು, ಕಂಬಗಳನ್ನು ಎಣಿಸುವುದು, ಕಂಡುದನ್ನು ಬರೆದಿಡುವುದು. ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ 1958ರಲ್ಲಿ ಕಾಯಿದೆಯಾಗಿದೆ. ಅವುಗಳನ್ನು ಹಾಳುಮಾಡುವುದು ದಂಡನಾರ್ಹ ಅಪರಾಧ. ಭವ್ಯವಾದ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು 1976ರಲ್ಲಿ ಸಂವಿಧಾನದಲ್ಲಿಯೇ ಸೇರಿಸಲಾಗಿದೆ. ಆದರೆ ಕಾಯಿದೆಯೊಂದೇ ಕಾವಲು ಕಾಯಲಾರದು. ತನ್ನ ಊರಿನ ಗೋಡೆಯ ಕಥೆಯನ್ನು ಅರಿತ ಬಾಲಕನು ಅದರ ಮೇಲೆ ತನ್ನ ಹೆಸರನ್ನು ಕೆತ್ತುವುದಿಲ್ಲ. ಕೆತ್ತುವವನನ್ನು ಕಂಡು ಸುಮ್ಮನಿರುವುದೂ ಇಲ್ಲ.

ಶ್ರೀರಂಗಪಟ್ಟಣದಂಥ ಹೆಸರಾಂತ ಊರಿಗಷ್ಟೇ ಈ ಭಾಗ್ಯ ಮೀಸಲಲ್ಲ. ಹಳೆಯ ಬಾವಿ, ಮಾಸಿದ ವೀರಗಲ್ಲು, ಅಗಸೆ ಬಾಗಿಲು, ಅಜ್ಜಂದಿರು ಓದಿದ ಶಾಲೆ ಇಲ್ಲದ ಊರು ವಿರಳ. ಅವುಗಳ ನೆಲೆಯನ್ನು ಗುರುತಿಸಿ, ಹಿರಿಯರನ್ನು ಕೇಳಿ ಕಥೆಯನ್ನು ಬರೆದಿಟ್ಟರೆ ಹಾದಿ ಸಿದ್ಧವಾಗುತ್ತದೆ. ಹೊನ್ನಿನ ಕೊಪ್ಪರಿಗೆಯನ್ನು ಕಂಡವನು ಅದನ್ನು ಬಚ್ಚಿಡುತ್ತಾನೆ. ಈ ನಿಧಿಯನ್ನು ಕಂಡವನು ಇನ್ನೊಬ್ಬರನ್ನು ಕರೆದು ತೋರಿಸುತ್ತಾನೆ. ಎಷ್ಟು ಜನ ಕಂಡರೂ ಅದು ಸವೆಯುವುದಿಲ್ಲ.